ಹದಿನೇಳು ಸುತ್ತು

ಗೇಜಕ್ಕನಿಗೆ ಸಿಟ್ಟು ಬಂದರೆ ಎದುರಿಗಿದ್ದವರಿಗೆ ಗೊತ್ತಾಗುತ್ತಿರಲಿಲ್ಲ. ಸಿಟ್ಟು ಬಂದಾಗ ಕೆಲವರು ಪಾತ್ರೆ ಕುಕ್ಕುತ್ತಾರೆ, ಕೆಲವರು ಬಾಗಿಲು ಬಡಿಯುತ್ತಾರೆ. ಇವಳು ಕೈಯಲ್ಲಿದ್ದ ಕೆಲಸವನ್ನು ಇನ್ನಷ್ಟು ಅಚ್ಚುಕಟ್ಟಾಗಿ ಮಾಡುತ್ತಿದ್ದಳು. ಹದಿನೈದು ವರ್ಷದಿಂದ ಅವಳ ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ನೀರು ಸರಬರಾಜು ಕಚೇರಿಯಲ್ಲಿ ಅವಳ ಹಾಳೆಯನ್ನು ಯಾರೂ ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ.

ಬೀದಿಯ ಅಂಚಿನಲ್ಲಿ ಮೊಣಕಾಲೆತ್ತರಕ್ಕೆ ನಿಂತಿರುವ ಕೆಂಪು ಹೈಡ್ರಂಟುಗಳನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡುವುದು ಅವಳ ಕೆಲಸ. ಬೆಂಕಿ ಬಿದ್ದಾಗ ಅಗ್ನಿಶಾಮಕದವರು ಬಂದು ಪೈಪು ಹಚ್ಚುವುದು ಅದಕ್ಕೇ. ಅದಕ್ಕೆ ಎರಡು ಬಾಯಿ. ಒಂದಕ್ಕೆ ಗೇಜು ಸಿಕ್ಕಿಸಿ, ನೀರು ನಿಂತಿರುವಾಗ ಒತ್ತಡ ಎಷ್ಟಿದೆ ನೋಡಬೇಕು. ಆಮೇಲೆ ಇನ್ನೊಂದು ಬಾಯಿ ತೆರೆದು ನೀರು ಹರಿಯಬಿಟ್ಟು, ಮುಳ್ಳು ಎಲ್ಲಿಗೆ ಇಳಿಯಿತು, ನಿಮಿಷಕ್ಕೆ ಎಷ್ಟು ಲೀಟರು ಬಂತು ಎಂದು ಬರೆಯಬೇಕು. ಮೊದಲನೆಯದು ಎರಡು ನಿಮಿಷದ ಕೆಲಸ. ಎರಡನೆಯದಕ್ಕೆ ಹೋದರೆ ರಸ್ತೆಯೆಲ್ಲ ಒದ್ದೆ, ಬೂಟೆಲ್ಲ ಕೆಸರು, ಹೋಗಿಬರುವವರ ಬೈಗುಳ ಬೇರೆ. ಹಾಗಾಗಿ ಬಹಳ ಜನ ಮೊದಲನೆಯದನ್ನು ಮಾಡಿ, ಎರಡನೆಯದನ್ನು ಚಹಾ ಕುಡಿಯುತ್ತಾ ಅಂದಾಜಿನಲ್ಲಿ ಬರೆದುಬಿಡುತ್ತಿದ್ದರು.

“ನಿಂತ ನೀರು ಸುಳ್ಳು ಹೇಳುತ್ತೆ ಕಣೇ,” ಎನ್ನುತ್ತಿದ್ದ ಅವಳ ಗಂಡ. “ಹರಿಯೋ ನೀರಿಗೆ ಸುಳ್ಳು ಬರಲ್ಲ.”

ಗಂಡ ಅದೇ ಕಚೇರಿಯ ವಾಲ್ವ್‌ಮ್ಯಾನ್. ಊರಿನ ನೆಲದಡಿಯ ಪೈಪುಗಳೆಲ್ಲ ಅವನಿಗೆ ತನ್ನ ಅಂಗೈ ಗೆರೆಯ ಹಾಗೆ. ಎಲ್ಲ ವಾಲ್ವೂ ಎಡಕ್ಕೆ ತಿರುಗಿಸಿದರೆ ತೆರೆಯುತ್ತವೆ, ಬಲಕ್ಕೆ ತಿರುಗಿಸಿದರೆ ಮುಚ್ಚುತ್ತವೆ. ದರ್ಜಿ ಬೀದಿಯ ವಾಲ್ವು ಒಂದು ಮಾತ್ರ ಉಲ್ಟಾ. ಯಾವ ಕಾಲದಲ್ಲಿ ಯಾವ ಕಾರ್ಖಾನೆಯಿಂದ ಬಂದಿತ್ತೋ, ಬಲಕ್ಕೆ ತಿರುಗಿಸಿದರೆ ತೆರೆಯುತ್ತಿತ್ತು, ಎಡಕ್ಕೆ ತಿರುಗಿಸಿದರೆ ಮುಚ್ಚಿಕೊಳ್ಳುತ್ತಿತ್ತು. ಗಂಡ ಅದನ್ನು ಎಡಚ ಎಂದು ಕರೆಯುತ್ತಿದ್ದ, ಮನೆಯ ತಂಟೆಕೋರ ಕೂಸನ್ನು ಕರೆದ ಹಾಗೆ. “ಎಡಚನಿಗೆ ಹದಿನೇಳು ಸುತ್ತು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ.”

ಆ ವರ್ಷ ಅವನ ತಾಯಿಗೆ ಕಣ್ಣಿನ ಆಪರೇಷನ್ ಆಗಿ, ಅವನು ನಾಲ್ಕು ದಿನ ರಜೆ ಹಾಕಿದ. ಅದೇ ನಾಲ್ಕು ದಿನದೊಳಗೆ ಕಚೇರಿಯ ಇನ್ಸ್‌ಪೆಕ್ಟರು ದರ್ಜಿ ಬೀದಿಯ ಹೈಡ್ರಂಟು ಪರೀಕ್ಷೆ ಮಾಡಿ ಹೋದರು. ಮೂರು ವಾರದ ಮೇಲೆ ದರ್ಜಿಯ ಅಂಗಡಿಗೆ ಬೆಂಕಿ ಬಿತ್ತು. ಅಗ್ನಿಶಾಮಕದವರು ಬಂದು ಪೈಪು ಹಚ್ಚಿದರೆ ಹೈಡ್ರಂಟು ಎರಡು ಸಲ ಕೆಮ್ಮಿ, ಮುದುಕರ ಮೂತ್ರದಂತೆ ತೊಟ್ಟಿಕ್ಕಿತು. ಬೇರೆ ಬೀದಿಯಿಂದ ನೀರು ಎಳೆದು ತರುವಷ್ಟರಲ್ಲಿ ದರ್ಜಿಯ ಹೆಂಡತಿ ಮಹಡಿಯ ಮೆಟ್ಟಿಲಿನಲ್ಲೇ ಹೋಗಿಬಿಟ್ಟಿದ್ದಳು.

ರಸ್ತೆಯಡಿಯ ಚೇಂಬರಿನ ಮುಚ್ಚಳ ತೆಗೆದು ನೋಡಿದರೆ ಅದರೊಳಗಿನ ವಾಲ್ವು ಪೂರ್ತಿ ಮುಚ್ಚಿತ್ತು. ಹಿಂದಿನ ಬೀದಿಯ ಸಣ್ಣ ಪೈಪಿನಿಂದ ನೀರು ಬರುತ್ತಿದ್ದುದರಿಂದ ಮನೆಯ ನಲ್ಲಿಗಳಿಗೆ ಏನೂ ವ್ಯತ್ಯಾಸವಾಗಿರಲಿಲ್ಲ, ಯಾರ ಗಮನಕ್ಕೂ ಬಂದಿರಲಿಲ್ಲ. ವಿಚಾರಣೆ ಆಯಿತು. ಇನ್ಸ್‌ಪೆಕ್ಟರು ತಮ್ಮ ಹಾಳೆ ತೋರಿಸಿದರು: ಪರೀಕ್ಷೆಯ ದಿನ ನಿಮಿಷಕ್ಕೆ ಸಾವಿರದ ಇನ್ನೂರು ಲೀಟರು ಬಂದಿದೆ. ಅಂದರೆ ವಾಲ್ವು ಮುಚ್ಚಿದ್ದು ಆಮೇಲೆ. ಆಮೇಲೆ ವಾಲ್ವು ತಿರುಗಿಸುವ ಕೀಲಿ ಯಾರ ಹತ್ತಿರ ಇತ್ತು? ವಾಲ್ವ್‌ಮ್ಯಾನ್ ಹತ್ತಿರ.

“ಸ್ವಾಮಿ, ಅದು ಎಡಚ ವಾಲ್ವು. ಯಾರೋ ತೆರೆಯೋಕೆ ಹೋಗಿ ಮುಚ್ಚಿದ್ದಾರೆ,” ಅಂದ ಗಂಡ.

“ವಾಲ್ವಿಗೂ ಎಡಗೈ ಬಲಗೈ ಇರುತ್ತೇನಯ್ಯಾ?” ಎಂದು ವಿಚಾರಣೆಯವರು ನಕ್ಕರು. ಇನ್ಸ್‌ಪೆಕ್ಟರೂ ನಕ್ಕರು. “ನಾನು ಆ ವಾಲ್ವು ಮುಟ್ಟೇ ಇಲ್ಲ,” ಎಂದು ಬರೆದುಕೊಟ್ಟರು. ಎದ್ದುಹೋಗಿ ಒಮ್ಮೆ ತಿರುಗಿಸಿ ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಗಂಡನ ಕೆಲಸ ಹೋಯಿತು. ಅದಕ್ಕಿಂತ ಮುಂಚೆ ಹೆಸರು ಹೋಯಿತು. ಬೀದಿಯಲ್ಲಿ ಮಕ್ಕಳು ಅವನನ್ನು ನೋಡಿ ‘ಬೆಂಕಿ ಬಂತು’ ಎಂದು ಓಡುತ್ತಿದ್ದರು. ಒಂದೂವರೆ ವರ್ಷ ಗೋಡೆಗೆ ಮುಖ ಮಾಡಿ ಮಲಗಿದ್ದವನು ಒಂದು ದಿನ ಏಳಲಿಲ್ಲ.

ಆಗ ಅದೇ ಇನ್ಸ್‌ಪೆಕ್ಟರು ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಅವಳಿಗೆ ಕಚೇರಿಯ ಕಸ ಗುಡಿಸುವ ಕೆಲಸ ಕೊಡಿಸುವುದಾಗಿ ಹೇಳಿದರು. ಹೊಟ್ಟೆ ಕೇಳಬೇಕಲ್ಲ, ಅವಳು ಹೋದಳು. ಗುಡಿಸುತ್ತಾ ಗುಡಿಸುತ್ತಾ ಗೇಜು ಹಿಡಿಯುವುದು ಕಲಿತಳು, ಪೈಪಿನ ನಕ್ಷೆ ಓದುವುದು ಕಲಿತಳು. ಇನ್ಸ್‌ಪೆಕ್ಟರು ಮೇಲೇರಿ ಮೇಲೇರಿ ದೊಡ್ಡಸಾಹೇಬರಾದರು. ಯಾರೇ ಹೊಸಬರು ಬರಲಿ, ಅವಳನ್ನು ಕರೆದು ತೋರಿಸುವುದು ಅವರಿಗೊಂದು ಚಟ. “ಇವಳ ಗಂಡನ ಕೈಯಲ್ಲಿ ಒಂದು ಜೀವ ಹೋಯ್ತು, ಪಾಪ. ಆದ್ರೂ ನಾನು ಮನಸ್ಸು ಕೆಡಿಸಿಕೊಳ್ಳಲಿಲ್ಲ. ಕರೆದು ಕೆಲಸ ಕೊಟ್ಟೆ.” ಅವಳು ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಆ ದಿನದ ಹಾಳೆ ಇನ್ನಷ್ಟು ಅಚ್ಚುಕಟ್ಟಾಗಿರುತ್ತಿತ್ತು.

ಹನ್ನೊಂದು ವರ್ಷದ ಕೆಳಗೆ, ಬಕೀಟು ಎಂದು ಎಲ್ಲರೂ ಕರೆಯುತ್ತಿದ್ದ ಹಳೆಯ ಕೆಲಸಗಾರ ನಿವೃತ್ತನಾದ ದಿನ ಅವಳನ್ನು ಗೋಡೌನಿನ ಹಿಂದಕ್ಕೆ ಕರೆದ. “ತಂಗೀ, ಹೇಳದೆ ಹೋದ್ರೆ ನಂಗೆ ಅನ್ನ ಇಳಿಯಲ್ಲ. ಅವತ್ತು ಗೇಜು ಹಿಡ್ಕೊಂಡಿದ್ದೋನು ನಾನು. ಒತ್ತಡ ಸ್ವಲ್ಪ ಕಮ್ಮಿ ತೋರಿಸ್ತು. ವಾಲ್ವು ಪೂರ್ತಿ ತೆರೆದಿಲ್ಲ ಅಂತ ಸಾಹೇಬ್ರೇ ಕೀಲಿ ತಗೊಂಡು ಎಡಕ್ಕೆ ತಿರುಗಿಸಿದ್ರು, ಬಿಗಿ ಆಗೋ ತನಕ. ನೀರು ಹರಿಸಿ ನೋಡ್ಲೇ ಇಲ್ಲ. ಹೊಸ ಬೂಟು ಹಾಕಿದ್ರು.”

“ವಿಚಾರಣೇಲಿ ಯಾಕಣ್ಣ ಹೇಳಲಿಲ್ಲ?”

“ನಂಗೂ ಮನೇಲಿ ಐದು ಹೊಟ್ಟೆ ಇತ್ತು ತಾಯಿ.”

ಮುಂದಿನ ವರ್ಷ ಬಕೀಟು ತೀರಿಕೊಂಡ. ಸಾಕ್ಷಿಯೂ ಅವನ ಜೊತೆಗೇ ಹೋಯಿತು. ಅವನು ಹೇಳಿದ ದಿನವೇ ಅವಳು ಮನೆಗೆ ಬಂದು ಅತ್ತೆಗೆ ಮಾತ್ರ ಹೇಳಿದ್ದಳು. “ಕಾಯಿ,” ಅಂದರು ಅತ್ತೆ. “ನನ್ನ ಆಯುಸ್ಸು ಗಟ್ಟಿ ಇದೆ. ನಾನೂ ಕಾಯ್ತೀನಿ.”

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ತಿಂಗಳಿಗೊಮ್ಮೆ ದರ್ಜಿ ಬೀದಿಗೆ ಹೋಗಿ ಎಡಚನನ್ನು ಒಂದೆರಡು ಸುತ್ತು ಆಡಿಸಿ, ಎಣ್ಣೆ ಬಿಟ್ಟು, ಮತ್ತೆ ಪೂರ್ತಿ ತೆರೆದು ಬರುತ್ತಿದ್ದಳು. ಮುಚ್ಚಳದ ಮೇಲೆ ಇದು ಉಲ್ಟಾ ವಾಲ್ವು ಎಂದು ಬಾಣದ ಗುರುತು ಹಾಕಬೇಕಿತ್ತು. ಅದೊಂದನ್ನು ಅವಳು ಮಾಡಲಿಲ್ಲ. ಅವಳು ಬೀದಿಗೆ ಬಂದಳೆಂದರೆ ದರ್ಜಿ ಅಂಗಡಿಯ ಷಟರನ್ನು ಸೊಂಟದವರೆಗೆ ಎಳೆದುಬಿಡುತ್ತಿದ್ದ. ಹೊಲಿಗೆ ಮಿಷನ್ನು ತುಳಿಯುವ ಕಾಲಷ್ಟೇ ಕಾಣಿಸುತ್ತಿತ್ತು. ಹದಿನೆಂಟು ವರ್ಷದಲ್ಲಿ ಒಂದು ಮಾತಿಲ್ಲ.

ದೊಡ್ಡಸಾಹೇಬರಿಗೆ ನಿವೃತ್ತಿಗೆ ಒಂದು ತಿಂಗಳಿದೆ ಎನ್ನುವಾಗ ಮೇಲಿನಿಂದ ಕಾಗದ ಬಂತು. ಊರಿನ ಹೈಡ್ರಂಟುಗಳು ನಿಯಮದ ಪ್ರಕಾರ ಇವೆಯೋ ಇಲ್ಲವೋ ನೋಡಲು ಹೊರಗಿನ ಪರೀಕ್ಷಕರು ಬರುತ್ತಾರೆ.

“ಐದು ಒಳ್ಳೇ ಹೈಡ್ರಂಟು ಆರಿಸಿ ಕೊಡಮ್ಮ,” ಅಂದರು ಸಾಹೇಬರು. “ಹೋಗೋ ಕಾಲದಲ್ಲಿ ನನ್ನ ಮರ್ಯಾದೆ ನಿನ್ನ ಕೈಲಿದೆ.”

ಅವಳು ಪಟ್ಟಿ ಕೊಟ್ಟಳು. ಮೂರನೆಯದನ್ನು ನೋಡಿ ಸಾಹೇಬರ ಹುಬ್ಬು ಗಂಟಾಯಿತು. “ಈ ಬೀದಿ ಯಾಕೆ?”

“ಅಲ್ಲಿ ನೀರು ಚೆನ್ನಾಗಿದೆ ಸಾಹೇಬ್ರೇ. ಅಲ್ಲಿ ಆಗಿದ್ದು ಊರಿಗೆಲ್ಲ ಗೊತ್ತು. ಅಲ್ಲೇ ತೋರಿಸಿದ್ರೆ ನೀವು ಸರಿಮಾಡಿದ್ರಿ ಅಂತ ಹೆಸರು ಉಳಿಯುತ್ತೆ.”

ಸಾಹೇಬರು ಪಟ್ಟಿಯನ್ನು ಜೇಬಿಗಿಟ್ಟುಕೊಂಡರು. “ನಿನ್ನ ಗಂಡನಿಗೆ ನಿನ್ನಷ್ಟು ತಲೆ ಇದ್ದಿದ್ರೆ!” ಅಂದರು.

ಪರೀಕ್ಷೆಯ ದಿನ ಬೆಳಿಗ್ಗೆ ಏಳಕ್ಕೆ, ಬೀದಿಯಲ್ಲಿ ಇನ್ನೂ ಯಾರೂ ಓಡಾಡದಿದ್ದಾಗ, ಅವಳು ಚೇಂಬರಿನ ಮುಚ್ಚಳ ತೆಗೆದು ಉದ್ದ ಕೀಲಿ ಇಳಿಸಿ ಎಡಚನನ್ನು ಎಡಕ್ಕೆ ಹನ್ನೆರಡು ಸುತ್ತು ತಿರುಗಿಸಿದಳು. ಇನ್ನು ಐದು ಸುತ್ತಿನಷ್ಟೇ ತೆರೆದಿತ್ತು. ಮುಚ್ಚಳ ಹಾಕುವಾಗ ಅವಳ ಕೈ ಒಂದು ಕ್ಷಣ ತಡೆಯಿತು. ‘ಹತ್ತು ಗಂಟೆಗೆಲ್ಲ ಬರ್ತೀವಿ. ಮೂರು ತಾಸು ಅಷ್ಟೇ,’ ಎಂದು ತನಗೆ ತಾನೇ ಹೇಳಿಕೊಂಡು ಹೊರಟಳು.

ಪರೀಕ್ಷಕರೆಂದರೆ ಗಂಡಸು ಎಂದುಕೊಂಡಿದ್ದರು ಎಲ್ಲರೂ. ಬಂದದ್ದು ನಲವತ್ತರ ಆಸುಪಾಸಿನ ಹೆಂಗಸು, ಕಾಲಿಗೆ ರಬ್ಬರ್ ಬೂಟು, ಕೈಯಲ್ಲಿ ತನ್ನದೇ ಗೇಜು. ಚಹಾ ಬೇಡ ಅಂದಳು, ಮಾತೂ ಕಮ್ಮಿ. ಎರಡನೆಯ ಹೈಡ್ರಂಟಿನಲ್ಲಿ ಲೆಕ್ಕ ಕೂಡಲಿಲ್ಲವೆಂದು ಮೂರು ಸಲ ನೀರು ಬಿಡಿಸಿದಳು. ಹತ್ತಾಯಿತು, ಹತ್ತೂಕಾಲಾಯಿತು. ಗೇಜಕ್ಕನ ಬೆನ್ನಿನಲ್ಲಿ ಇರುವೆ ಹರಿದ ಹಾಗಾಗುತ್ತಿತ್ತು. ದೂರದಲ್ಲಿ ಯಾವುದೋ ಗಾಡಿ ಕೂಗಿದರೂ ಅಗ್ನಿಶಾಮಕದ ಗಾಡಿಯೇನೋ ಎಂದು ಬೆಚ್ಚಿ ತಿರುಗಿ ನೋಡುತ್ತಿದ್ದಳು.

ಹತ್ತೂವರೆಗೆ ದರ್ಜಿ ಬೀದಿ ಮುಟ್ಟಿದರು. ಅಂಗಡಿಯ ಷಟರು ಆ ದಿನ ಪೂರ್ತಿ ಮೇಲಿತ್ತು. ದರ್ಜಿ ಹೊಸ್ತಿಲಲ್ಲೇ ಸ್ಟೂಲು ಹಾಕಿ ಕೂತಿದ್ದ.

“ಇವಳೇ ಮೇಡಂ, ನಾನು ಹೇಳಿದೆನಲ್ಲ,” ಎಂದು ಸಾಹೇಬರು ಶುರು ಮಾಡಿದರು. “ಇದೇ ಬೀದೀಲಿ ಇವಳ ಗಂಡನ ಕೈತಪ್ಪಿನಿಂದ...”

“ಗೇಜು ಹಾಕಿ,” ಅಂದಳು ಪರೀಕ್ಷಕಿ.

ಗೇಜಕ್ಕ ಹಾಕಿದಳು. ಮುಳ್ಳು ನಾಲ್ಕರ ಮೇಲೆ ನಿಂತಿತು. ಸಾಹೇಬರು ತಲೆದೂಗಿದರು. ಅವಳು ಇನ್ನೊಂದು ಬಾಯಿಯ ಮುಚ್ಚಳ ಕಳಚಿ, ಹೈಡ್ರಂಟಿನ ನೆತ್ತಿಯ ತಿರುಪನ್ನು ನಿಧಾನವಾಗಿ ತಿರುಗಿಸಿದಳು. ಮೊದಲು ಕಂದು ನೀರು, ಆಮೇಲೆ ತಿಳಿ ನೀರು. ಆದರೆ ಬೀದಿ ದಾಟಬೇಕಾದ ನೀರು ಅರ್ಧ ಬೀದಿಗೇ ಸೋತು ಬಿತ್ತು. ಮುಳ್ಳು ಒಂದೂವರೆಗೆ ಇಳಿಯಿತು.

“ಇದು ಸಾಲಲ್ಲ,” ಅಂದಳು ಪರೀಕ್ಷಕಿ.

“ವಾಲ್ವು ಪೂರ್ತಿ ತೆರೆದಿಲ್ಲ ಅನ್ಸುತ್ತೆ ಸಾಹೇಬ್ರೇ,” ಅಂದಳು ಗೇಜಕ್ಕ.

“ಹೋಗಿ ತೆರಿ ಮತ್ತೆ! ನೋಡ್ತಾ ನಿಂತಿದ್ದೀಯಲ್ಲ!”

“ನೀರು ಹರೀತಿರೋವಾಗ ಹೈಡ್ರಂಟು ಬಿಟ್ಟು ಬರೋ ಹಾಗಿಲ್ಲ. ನೀವು ಕೆಲಸದಿಂದ ಮೇಲೆ ಬಂದೋರು, ನಿಮ್ಮ ಕೈಗೆ ಗೊತ್ತಿಲ್ಲದ್ದು ಏನಿದೆ? ಕೀಲಿ ಅಲ್ಲೇ ಇದೆ.”

ಹೊಗಳಿಕೆ ಅಂದರೆ ಸಾಹೇಬರಿಗೆ ಬೆಲ್ಲ. ಕೋಟು ತೆಗೆದು ಡ್ರೈವರನ ಕೈಗೆ ಕೊಟ್ಟರು. “ಈಗಿನ ಆಫೀಸರುಗಳಿಗೆ ಕೀಲಿ ಯಾವ ಕಡೆಯಿಂದ ಹಿಡೀಬೇಕು ಅಂತಾನೂ ಗೊತ್ತಿಲ್ಲ ಮೇಡಂ,” ಎಂದು ಇಪ್ಪತ್ತು ಹೆಜ್ಜೆ ಆಚೆಯ ಚೇಂಬರಿಗೆ ನಡೆದರು. ಹೈಡ್ರಂಟಿಗೆ ಬೆನ್ನು ಮಾಡಿ, ಕೀಲಿ ಇಳಿಸಿ, ಎಡಕ್ಕೆ ತಿರುಗಿಸತೊಡಗಿದರು.

ಒಂದು ಸುತ್ತಿಗೆ ನೀರು ತಗ್ಗಿತು. ಎರಡಕ್ಕೆ ಇನ್ನೂ ತಗ್ಗಿತು. ಮೂರಕ್ಕೆ ಡ್ರೈವರು ಬಾಯಿ ತೆರೆದ. ಗೇಜಕ್ಕ ನೋಡಿದ ನೋಟಕ್ಕೆ ಮುಚ್ಚಿಕೊಂಡ. ಐದಕ್ಕೆ ಕೀಲಿ ಬಿಗಿಯಿತು. ಸಾಹೇಬರು ಸೊಂಟ ನೆಟ್ಟಗೆ ಮಾಡಿಕೊಂಡು, ಮೀಸೆಯ ಮೇಲೆ ಕೈಯಾಡಿಸಿ, ತಿರುಗದೆಯೇ ಕೂಗಿದರು: “ಆಯ್ತು! ಈಗ ನೋಡಿ ಮೇಡಂ, ಹೆಂಗೆ ಬರುತ್ತೆ!”

“ನಿಂತೇಹೋಯ್ತು,” ಅಂದಳು ಪರೀಕ್ಷಕಿ.

ಸಾಹೇಬರು ತಿರುಗಿದರು. ಹೈಡ್ರಂಟಿನ ಬಾಯಿಂದ ನೀರು ಜೊಲ್ಲಿನ ಹಾಗೆ ಜಿನುಗುತ್ತಿತ್ತು. ಗೇಜಕ್ಕ ನೆತ್ತಿಯ ತಿರುಪು ಮುಚ್ಚಿದಳು. ಹಿಂದಿನ ಬೀದಿಯ ಸಣ್ಣ ಪೈಪಿನ ಒತ್ತಡಕ್ಕೆ ಮುಳ್ಳು ಮೆಲ್ಲಗೆ ಮೇಲೆದ್ದು ಮತ್ತೆ ನಾಲ್ಕರ ಹತ್ತಿರ ನಿಂತಿತು.

“ನೋಡಿ ಮೇಡಂ. ಬಾಯಿ ಮುಚ್ಚಿದ್ರೆ ನಾಲ್ಕು, ಬಾಯಿ ತೆರೆದ್ರೆ ಸೊನ್ನೆ. ಮುಚ್ಚಿದಾಗ ಮಾತ್ರ ನೋಡಿ ಹಾಳೆ ಬರೆದ್ರೆ ಊರೆಲ್ಲ ಸುಭಿಕ್ಷ.”

“ವಾಲ್ವು ಕೆಟ್ಟಿದೆ!” ಸಾಹೇಬರ ದನಿ ಏರಿತು. “ನಾನು ಸರಿಯಾಗೇ ತೆರೆದೆ!”

“ನೀವು ಮುಚ್ಚಿದ್ರಿ ಸಾಹೇಬ್ರೇ. ಇದು ಉಲ್ಟಾ ತಿರುಗೋ ವಾಲ್ವು. ನಿಮಗೆ ಅಭ್ಯಾಸ ಇಲ್ಲ, ಪಾಪ. ಯಾವತ್ತೂ ಮುಟ್ಟಿಲ್ಲವಲ್ಲ ಇದನ್ನ.”

“ನನಗಾ ಹೇಳ್ತೀಯ? ಇದೇ ವಾಲ್ವನ್ನ ಇದೇ ಕೈಯಲ್ಲಿ ತೆರೆದಿದ್ದೀನಿ! ಆ ವರ್ಷ ಟೆಸ್ಟಿಗೆ ಬಂದಾಗ ಹಿಂಗೇ ಎಡಕ್ಕೆ ಬಿಗಿಯೋ ತನಕ—”

ಕುಂಬಳಕಾಯಿ ಕಳ್ಳನ ಹಾಗೆ ತಮ್ಮ ಹೆಗಲನ್ನು ತಾವೇ ಮುಟ್ಟಿ ನೋಡಿಕೊಂಡಿದ್ದರು. ಮಾತು ಬಾಯಿಂದ ಆಚೆ ಬಂದಮೇಲೆ ಅದು ಏನೆಂದು ಅವರಿಗೇ ಕೇಳಿಸಿತು. 

“ಯಾವ ಟೆಸ್ಟಿಗೆ?”

ಕೇಳಿದ್ದು ಪರೀಕ್ಷಕಿಯಲ್ಲ. ದರ್ಜಿ ಸ್ಟೂಲಿನಿಂದ ಎದ್ದಿದ್ದ. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. “ಯಾವ ವರ್ಷದ ಟೆಸ್ಟು ಸಾಹೇಬ್ರೇ? ನನ್ನ ಹೆಂಡ್ತಿ ಹೋಗೋದಕ್ಕೆ ಮುಂಚೆನಾ, ಆಮೇಲಾ? ಮುಟ್ಟೇ ಇಲ್ಲ ಅಂತ ಬರೆದುಕೊಟ್ಟಿದ್ರಿ. ನಾನು ಅಲ್ಲೇ ಕೂತಿದ್ದೆ.”

ಸಾಹೇಬರು ಡ್ರೈವರನ ಕಡೆ ನೋಡಿದರು. ಡ್ರೈವರು ಕೋಟಿನ ಗುಂಡಿ ನೋಡುತ್ತಿದ್ದ. ಪರೀಕ್ಷಕಿ ತನ್ನ ಹಾಳೆಯನ್ನು ತಿರುವಿ ಹಿಂಬದಿಯಲ್ಲಿ ಬರೆಯತೊಡಗಿದಳು.

“ಮೊದಲು ವಾಲ್ವು ತೆರೆಯಿರಿ,” ಅಂದಳು ಬರೆಯುತ್ತಲೇ. “ಹೈಡ್ರಂಟಿಗೆ ನೀರಿಲ್ಲ.”

ಡ್ರೈವರು ಹೆಜ್ಜೆ ಮುಂದಿಟ್ಟ. ಗೇಜಕ್ಕ ಕೈ ಅಡ್ಡ ಹಿಡಿದಳು. “ನೀನು ಬೇಡಪ್ಪ. ಯಾರು ಮುಚ್ಚಿದ್ರೋ ಅವರೇ ತೆರೀಲಿ.” ಚೇಂಬರಿನ ಹತ್ತಿರ ಹೋಗಿ, ಸಾಹೇಬರ ಎದುರಿಗೆ, ಒಂದು ಗೇಣು ದೂರದಲ್ಲಿ ನಿಂತಳು. “ಬಲಕ್ಕೆ. ಹದಿನೇಳು ಸುತ್ತು. ನಾನು ಎಣಿಸ್ತೀನಿ.”

“ನೋಡಮ್ಮ, ನಾನು ನಿನಗೆ ಅನ್ನದ ದಾರಿ...”

“ಒಂದು,” ಅಂದಳು ಗೇಜಕ್ಕ.

ಅವರು ತಿರುಗಿಸಿದರು. ಇನ್ನೇನು ಮಾಡುತ್ತಾರೆ, ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ನಿಂತಿತ್ತು. ನಾಲ್ಕಕ್ಕೆ ಹಣೆಯಲ್ಲಿ ಬೆವರು ಮೂಡಿತು. ಏಳಕ್ಕೆ ಅಂಗಿ ಬೆನ್ನಿಗೆ ಅಂಟಿತು. ಒಂಬತ್ತಕ್ಕೆ ಕೀಲಿ ಜಾರಿ ಮಂಡಿಯೂರಿ ಬಿದ್ದರು. ಪ್ಯಾಂಟಿಗೂ ಬೂಟಿಗೂ ಕಂದು ಕೆಸರು. ಯಾರೂ ಎಬ್ಬಿಸಲಿಲ್ಲ. ಅವರೇ ಕೀಲಿ ಊರಿ ಎದ್ದರು.

“ಒಂಬತ್ತು ಆಗಿಲ್ಲ. ಅರ್ಧಕ್ಕೇ ಜಾರಿದ್ರಿ. ಪುನಃ ಒಂಬತ್ತು,” ಅಂದಳು ಅವಳು, ಅಂಗಡಿಯಲ್ಲಿ ಚಿಲ್ಲರೆ ಕೇಳುವ ದನಿಯಲ್ಲಿ. “ನಿಧಾನಕ್ಕೆ ಸಾಹೇಬ್ರೇ. ನನ್ನ ಗಂಡ ಇದನ್ನ ಒಂದೇ ಉಸಿರಲ್ಲಿ ತೆರೀತಿದ್ದ. ಎಡಚ ಅಂತ ಹೇಳಿದ್ದ ನಿಮಗೆ. ನೀವು ನಕ್ಕಿದ್ರಿ. ಹತ್ತು.”

ಹದಿನೇಳಕ್ಕೆ ಅವಳು ಹೈಡ್ರಂಟಿಗೆ ಮರಳಿ ನೆತ್ತಿಯ ತಿರುಪು ತಿರುಗಿಸಿದಳು. ನೀರು ಬೀದಿ ದಾಟಿ ಎದುರಿನ ಚರಂಡಿಗೆ ಧೋ ಎಂದು ಬಿತ್ತು. ಸಾವಿರದ ಮುನ್ನೂರು ಲೀಟರು. ಪರೀಕ್ಷಕಿ ಅದನ್ನೂ ಬರೆದು, ಹಾಳೆಯ ಹಿಂಬದಿಯಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿ, ಪೆನ್ನನ್ನು ಸಾಹೇಬರ ಕೈಗೆ ಕೊಟ್ಟಳು. ಈ ವಾಲ್ವನ್ನು ಆ ವರ್ಷದ ಪರೀಕ್ಷೆಯಲ್ಲಿ ತಾವೇ ತಿರುಗಿಸಿದ್ದಾಗಿ ಸಾಹೇಬರು ಎಲ್ಲರೆದುರು ಹೇಳಿದ್ದಾರೆ ಎಂದಿತ್ತು ಅದರಲ್ಲಿ. ಅವರ ರುಜುವಿನ ಮೇಲೆ ಹಣೆಯ ಒಂದು ಹನಿ ಬಿದ್ದು ಶಾಯಿ ಹರಡಿತು. ದರ್ಜಿ ಸಾಕ್ಷಿ ಹಾಕಿದ.

ಉಳಿದವರು ಜೀಪಿನ ಕಡೆ ಹೋದರು. ಗೇಜಕ್ಕ ಮುಚ್ಚಳ ಹಾಕುತ್ತಿದ್ದಾಗ ದರ್ಜಿ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. ಹದಿನೆಂಟು ವರ್ಷದ ಮೇಲೆ ಅವನ ಮುಖ ಇಷ್ಟು ಹತ್ತಿರದಿಂದ ಕಂಡಿದ್ದು.

“ಬೆಳಿಗ್ಗೆ ಏಳು ಗಂಟೆಗೆ ನೀನು ಬಂದಿದ್ದು ಕಿಟಕಿಯಿಂದ ನೋಡಿದೆ,” ಅಂದ ಮೆಲ್ಲಗೆ.

ಅವಳು ಮುಚ್ಚಳದ ಅಂಚಿನ ಕೆಸರು ಒರೆಸತೊಡಗಿದಳು.

“ಏನು ಮಾಡಿದೆ ಅಂತ ಆಗ ತಿಳೀಲಿಲ್ಲ. ಯಾರೂ ಇಲ್ಲದ ಹೊತ್ತಲ್ಲಿ ಬಂದು ಮಾಡಿದ್ದು ಒಳ್ಳೇದಲ್ಲ ಅಂತ ತಿಳೀತು. ಗಂಡ ಮಾಡಿದ್ದನ್ನೇ ಹೆಂಡ್ತೀನೂ ಮಾಡ್ತಿದ್ದಾಳೆ, ಎಲ್ಲರೆದುರಿಗೆ ಹಿಡಿದುಕೊಡೋಣ ಅಂತ ಕಾಯ್ತಾ ಕೂತೆ. ಮೇಲೆ ಮಗಳು ಮೊಮ್ಮಗು ಮಲಗಿದ್ರು. ಮನೇಲಿರೋ ಕೊಡ, ಬಕೆಟು, ಪಾತ್ರೆ ಎಲ್ಲಾ ನೀರು ತುಂಬಿ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟೆ. ಮೂರೂವರೆ ತಾಸು ಆ ಮೆಟ್ಟಿಲು ಕಾದೆ ಕಣಮ್ಮ.”

“ಅಣ್ಣ...”

“ನಿನ್ನ ಗಂಡನಿಗೆ ಹಾಕಿದ ಶಾಪ ಎಲ್ಲಾ ವಾಪಸ್ ತಗೊಂಡೆ. ಅದು ಬೇರೆ. ಆದ್ರೆ ಆ ಮೂರೂವರೆ ತಾಸು ನಂಗೆ ವಾಪಸ್ ಬರಲ್ಲ.” ಮೊಣಕಾಲು ಹಿಡಿದುಕೊಂಡು ಎದ್ದ. “ಇವತ್ತೇ ಅದರ ಮೇಲೆ ಗುರುತು ಹಾಕಿ ಹೋಗು.”

ಅವಳು ಜೀಪಿನಿಂದ ಕೆಂಪು ಬಣ್ಣದ ಡಬ್ಬಿ ತಂದು ಮುಚ್ಚಳದ ಮೇಲೆ ಬಾಣ ಬರೆದಳು. ಮೊದಲ ಸಲ ಬಾಣ ಸೊಟ್ಟಗಾಯಿತು. ಅದನ್ನು ಒರೆಸಿ ಮತ್ತೆ ಬರೆದಳು. ಅಷ್ಟರಲ್ಲಿ ಪರೀಕ್ಷಕಿ ಕೂಗಿದಳು. ಇನ್ನೂ ಎರಡು ಹೈಡ್ರಂಟು ಬಾಕಿ ಇದ್ದವು.

ಸಂಜೆ ಮನೆಗೆ ಬಂದಾಗ ಅತ್ತೆ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಎಂಬತ್ತಮೂರು ವರ್ಷದ ಕಿವಿ ಮಂದ, ಆದರೆ ಅವಳು ಹೆಜ್ಜೆ ಇಟ್ಟ ರೀತಿಯಲ್ಲೇ ಅವರಿಗೆ ಅರ್ಧ ತಿಳಿಯಿತು.

“ಏ ಹುಡುಗಿ, ಬೂಟು ಆಮೇಲೆ ಬಿಚ್ಚು. ಹೇಳು.”

ಅವಳು ಅವರ ಕಾಲ ಬಳಿ ನೆಲದ ಮೇಲೆ ಕೂತು, ಕಿವಿಗೆ ಬಾಯಿ ಹಚ್ಚಿ ಹೇಳಿದಳು. ಸಾಹೇಬರು ಕೋಟು ತೆಗೆದದ್ದು, ಎಡಕ್ಕೆ ತಿರುಗಿಸಿದ್ದು, ತಮ್ಮ ಬಾಯಿಂದ ತಾವೇ ಸಿಕ್ಕಿಬಿದ್ದದ್ದು, ರುಜು ಹಾಕಿದ್ದು.

“ಬೆವರಿದನಾ?”

“ಬೆವರಿದ್ರು ಅತ್ತೆ. ಅಂಗಿ ಹಿಂಡಿದ್ರೆ ಒಂದು ಲೋಟ ಬರ್ತಿತ್ತು.”

“ಮಂಡಿ ಊರಿದ್ನಾ?”

“ಊರಿದ್ರು. ಕೆಸರಲ್ಲಿ.”

“ನನ್ನ ಮಗನ ಮಾತು ಹೇಳಿದೆಯಾ ಅವನ ಮುಖಕ್ಕೆ?”

“ಹೇಳಿದೆ.”

ಅತ್ತೆ ಕಣ್ಣು ಮುಚ್ಚಿದರು. ಹಲ್ಲಿಲ್ಲದ ಬಾಯಿ ಏನನ್ನೋ ಸವಿಯುತ್ತಿರುವಂತೆ ಮೆಲ್ಲಗೆ ಆಡುತ್ತಿತ್ತು. “ಇನ್ನೊಂದು ಸಲ ಹೇಳು. ಏನೂ ಬಿಡಬೇಡ.”

ಅವಳು ಮತ್ತೆ ಹೇಳಿದಳು. ಈ ಸಲ ಬೆಳಿಗ್ಗೆ ಏಳರಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು, ದರ್ಜಿ ಹೇಳಿದ್ದನ್ನೂ. ಮೆಟ್ಟಿಲ ಮೇಲಿನ ಕೊಡ, ಬಕೆಟು, ಪಾತ್ರೆ.  ಅತ್ತೆಯ ಕೈ ಅವಳ ತಲೆಯ ಮೇಲೆ ಬಂತು.

“ಕತೆಯ ಆ ತುಂಡು ನಿನಗಿರಲಿ ಮಗಳೇ,” ಅಂದರು ಅತ್ತೆ. “ನನಗೆ ಒಂಬತ್ತನೇ ಸುತ್ತಿಂದ ಹೇಳು.”